ಎರಿ, ಏರು

ನಾವು ಎರಿ ಸೀಮಿಯವ್ರು. ನಮಗ ಏರು ಗೊತ್ತಿಲ್ಲ.
ತಿಕೋಟಾ ದಾರ್‍ಯಾಗ ಏರು ಅಂದ್ರ ಎದುರು ಗಾಳಿ.
ಕಣ್ಣಿಗೆ ಕಾಣೂದಿಲ್ಲ, ತುದಿ ಅನ್ನೂದು ಇರೂದಿಲ್ಲ.
ಜ್ವಾಳದ ತೆನಿ ಯಾ ಕಡೆ ಬಾಗ್ಯದ ಅಂತ ನೋಡಿ
ಗೇರ್ ಬದಲಿ ಮಾಡೂದು, ಅಷ್ಟ.

ಇಲ್ಲಿ ಬೆಳಗಾವ್ಯಾಗ ಏರು ಎದ್ದು ನಿಂತದ,
ಯಳ್ಳೂರಗಡ.
ವಡಗಾಂವ ದಾಟೂತನಕ ಮಂಜು,
ಮಂಜು ಹರದ ಕೂಡಲೆ ಮ್ಯಾಲೆ ಕ್ವಾಟಿ ಗ್ವಾಡಿ.
"ಅಲ್ಲಿಗೇನು?" ಅಂದ್ಲು ಮೆಹಬೂಬಿ.
"ಅಲ್ಲಿಗೇ," ಅಂದೆ.
ಇಬ್ರೂ ಬಗ್ಗಿ ಬೂಟು ಬಿಗಿ ಮಾಡಿಕೊಂಡ್ವಿ,
ಮೊದಲ ಬಿಗಿ ಇದ್ದದ್ದನ್ನ.

ನನ್ನ ನಂಬರು ನಲವತ್ತೊಂದು, ಆಕಿದು ನಲವತ್ತೆರಡು.
ರಾತ್ರಿ ಊಟಕ್ಕ ಕುಂತಾಗ ಶಿರಗುಪ್ಪಿ ಸರ್ ಹೇಳಿದ್ದು ಇಷ್ಟ:
"ಸುಶೀ, ಮೂರನೇ ತಿರುವಿನತನಕ ನೀ ಮುಂದ.
ಆಮ್ಯಾಲೆ ಸರದು ಬಿಡು."
"ಏರಿನ್ಯಾಗ ಗಾಳಿ ಎಲ್ಲಿ ಬರತದ ಸರ್,
ನಾ ಮುಂದಿದ್ರ ಆಕಿಗೇನು ಲಾಭ?"
ಸರ್ ಕೈಯಾಗಿನ ಚಪಾತಿ ಮಡಚಿದ್ರು.
"ನೋಡಾಕ ಒಂದು ಬೆನ್ನು ಬೇಕಾಗತದ," ಅಂದ್ರು.

ಹೊಂಟ್ವಿ, ನಲವತ್ತಾರು ಹುಡುಗೇರು.
ಭತ್ತ ಕೊಯ್ದ ಗದ್ದಿ, ಕೂಳಿ ನಡುವ ಮಸೂರಿ ಚಿಗುರು,
ಬಣವಿ ಮ್ಯಾಲೆ ಕುಂತ ಹುಡುಗರು ಕೂಗಿದ್ರು, "ಚಲಾ, ಚಲಾ!"
ಯಾರಿಗೆ ಅಂದ್ರೋ, ನನ್ನ ಕಾಲು ಕೇಳಿಸಿಕೊಂಡ್ವು.
ಊರೊಳಗಿನ ಹಂಪ್ ಮ್ಯಾಲೆ ಇಬ್ರು ಬಿದ್ರು.
ನಿಲ್ಲಲಿಲ್ಲ. ನಿಲ್ಲಬೇಕಿತ್ತೋ ಏನೋ.

ಆಮ್ಯಾಲೆ ರಸ್ತೆ ಮಾರಿ ಎತ್ತಿತು.

ಮೊದಲನೇ ತಿರುವು.
ಉಸುರು ಇನ್ನೂ ನನ್ನ ಮಾತು ಕೇಳತಿತ್ತು.
ಎರಡನೇ ತಿರುವು.
ತೊಡಿಯೊಳಗ ಯಾರೋ ಒಣ ಮೆಣಸಿನಕಾಯಿ ಕುಟ್ಟಾಕತ್ತಿದ್ರು,
ಅವಸರ ಇಲ್ಲದ, ಒರಳು ತುಂಬ.
ಕೆಂಪು ಕಲ್ಲು, ಕೆಂಪು ಧೂಳಿ, ನಾಲಿಗಿ ಮ್ಯಾಲೆ ಕಬ್ಬಿಣದ ರುಚಿ.
ಹಿಂದ ಆಕಿ ಚೈನಿನ ಸಪ್ಪಳ.
ಒಂದು ಕಡೆ ಕಿರ್ ಅಂತದ ಆಕಿ ಸೈಕಲ್ಲು,
ಹಾಸ್ಟೆಲ್ಲಿನ್ಯಾಗ ಎಣ್ಣಿ ಬಿಟ್ಟಾಕಿ ನಾನ, ಹೋಗಿಲ್ಲ ಅದು.
ಕಿರ್... ಕಿರ್...
ಅದನ್ನ ಕೇಳಕೋತ ತುಳದೆ.
ಸರ್ ಇದನ್ನ ಹೇಳಿರಲಿಲ್ಲ.

ಮೂರನೇ ತಿರುವಿನ್ಯಾಗ ಇಲ್ಲಿಯ ಹುಡುಗಿ ಪಾವಶೆ,
ದಿನಾ ಇದ ಗುಡ್ಡ ಏರಾಕಿ,
ನೀರಿಗೆ ಹೊಂಟಂಗ ದಾಟಿ ಹೋದ್ಲು.
"ಹೋಗು," ಅಂದೆ. ದನಿ ಹೊಂಡಲಿಲ್ಲ.
ಎಡಕ್ಕ ಸರದೆ. ಮೆಹಬೂಬಿ ಹೋದ್ಲು,
ಹೊಳ್ಳಿ ನೋಡಲಿಲ್ಲ.
ನೋಡಬಾರದು ಅಂತ ನಾವ ಮಾತಾಡಿಕೊಂಡಿದ್ವಿ.
ಆದ್ರೂ.

ನನ್ನ ಕೆಲಸ ಮುಗೀತು. ಗುಡ್ಡ ಮುಗಿದಿರಲಿಲ್ಲ.
ಇಳದು ಬಿಟ್ರ ಯಾರೂ ಬಯ್ಯೂದಿಲ್ಲ,
ಹಿಂದ ಜೀಪು ಬರತದ, ಸೋತವರ ಸೈಕಲ್ ಹೇರಕೊಂಡು.
ಒಬ್ಬೊಬ್ರ ದಾಟಿದ್ರು, ಐದು, ಎಂಟು, ಹನ್ನೊಂದು,
ಎಣಸೂದು ಬಿಟ್ಟೆ.
ಆಗ ಬಂತು ಗಾಳಿ,
ಪಡುವಲಿಂದ, ಕ್ವಾಟಿ ಸುತ್ತ ಹಾಕಿ, ನೆಟ್ಟಗ ಮಾರಿಗೆ.
ಮುಂದಿನವ್ರು ತೆಲಿ ಕೆಳಗ ಹಾಕಿದ್ರು.
ನನಗ ನಗಿ ಬಂತು.
"ಬಂದ್ಯಾ," ಅಂದೆ, "ತಿಕೋಟಾದಿಂದ ಇಷ್ಟು ದೂರ?"
ಗೇರ್ ಬದಲಿ ಮಾಡಿದೆ, ಅಷ್ಟ.

ಹದಿನೆಂಟನೇದಾಕಿಯೋ ಹತ್ತೊಂಬತ್ತೋ.
ಬರಕೊಳ್ಳಾಂವ ಚಹಾ ಕುಡ್ಯಾಕತ್ತಿದ್ದ.
ಕ್ವಾಟಿ ಒಳಗ, ಬಾವಿ ಬಾಜೂಕ,
ಮೆಹಬೂಬಿ ಮಣಕಾಲೂರಿ ಕಾರಕೋತ ಕುಂತಿದ್ಲು.
ಬೆನ್ನು ತಿಕ್ಕಿದೆ. "ಎಷ್ಟನೇದು?"
ಮೂರು ಬೆರಳು ಎತ್ತಿದ್ಲು.
ಒಂದು ತಾನ ಮಡಚಿತು.
ಎರಡನೇದೋ, ಕೈ ಸೋತಿತ್ತೋ, ತಿಳೀಲಿಲ್ಲ.
ಕೆಳಗ ಹಾದಿ ಬಿದ್ದಿತ್ತು,
ಪಂಚರ್ ಅಂಗಡಿಯಾಂವ ಒಗೆದ ಹಳೇ ಟ್ಯೂಬಿನಂಗ.

"ನಿನ್ನ ಬೆನ್ನಿನ ಮ್ಯಾಲೆ," ಅಂದ್ಲು ಬಾಯಿ ಒರಸಕೋತ,
"ಜರ್ಸಿ ಹೊಲಿಗಿ ಬಿಚ್ಚ್ಯದ. ಒಂಬತ್ತು ಟಾಕಾ.
ಎಣಸಕೋತ ಬಂದೆ.
ನೀ ಸರದಿ ನೋಡು,
ಆಮ್ಯಾಲೂ ಎಣಸಿದೆ."