ನೂನಿನ ಚುಕ್ಕೆ

ರೂವಿಯ ಹಿಂಬದಿಯ ಗಲ್ಲಿ, ಟೈರಿನಂಗಡಿಯ ಪಕ್ಕ.
ಮೊದಲ ಅಕ್ಷರ ಕಲಿಸಿದವನು ಬಲೂಚಿ ಮುದುಕ ದಾದ್‌ಕರೀಮ್.
‘ಬಟ್ಟಲು ಬಿಡಿಸು, ಒಳಗೊಂದು ಚುಕ್ಕೆಯಿಡು,
ಇದು ನೂನ್’ ಎಂದ.
ನಮ್ಮ ಸೊನ್ನೆಯ ಹಾಗೆ ಮೂಗಿನಲ್ಲೇ ಹೇಳುವುದು.
ನಾನು ಅಂಕೋಲೆಯ ಗುನಗ, ಬಟ್ಟಲು ನನಗೆ ಹೊಸದಲ್ಲ.
ಅಜ್ಜ ತಿಗರಿಯ ಮೇಲೆ ತಿರುಗಿಸಿದ್ದನ್ನು
ನಾನು ತಗಡಿನ ಮೇಲೆ ತಿರುಗಿಸಿದೆ, ಅಷ್ಟೆ.

ಓದಲು ಬಾರದ ಭಾಷೆಯಲ್ಲಿ ಇಪ್ಪತ್ತೇಳು ವರ್ಷ ಬರೆದೆ,
ಬಲದಿಂದ ಎಡಕ್ಕೆ, ಏಣಿ ಸರಿಸುತ್ತ ಸರಿಸುತ್ತ:
ಹಲ್ವಾ, ಲಾಂಡ್ರಿ, ಗಂಡಸರ ಹೊಲಿಗೆ,
ಒಂಟೆ ಮಾಂಸ, ಹಲ್ಲಿನ ವೈದ್ಯ.
ಯಾವುದು ಯಾವುದೆಂದು ವಾಸನೆಯೇ ಹೇಳುತ್ತಿತ್ತು.
ಜೂನಿನಲ್ಲಿ ಬಣ್ಣ ಕುಂಚದಲ್ಲೇ ಒಣಗುವುದು,
ಅದಕ್ಕೇ ನಸುಕಿನ ನಾಲ್ಕಕ್ಕೆ, ಬೀದಿದೀಪದಡಿ
ಸುಣ್ಣ ಸವರಿದ ದಾರ ಮೀಟಿ ಗೆರೆ ಹಾಕಿ,
ಉಸಿರು ಹಿಡಿದು ಎಳೆದು
ಚುಕ್ಕೆ ಬಂದಾಗ ಬಿಡುವುದು.

ಕಾರ್ಡಿನಲ್ಲಿ ಉದ್ಯೋಗ: ಪೇಂಟರ್, ಸಾಮಾನ್ಯ.
ಗೋಡೆಗೆ ಡಿಸ್ಟೆಂಪರ್ ಬಳಿಯುವವನಿಗೂ ಅದೇ.
ತಕರಾರಿರಲಿಲ್ಲ.

ಆಮೇಲೆ ಶಫೀಕುಲ್ ಬಂದ, ಚಿತ್ತಗಾಂಗಿನವ.
ಅವನ ಜೊತೆಗೊಂದು ಯಂತ್ರ. ಹಾವಿನ ಪೊರೆಯಂಥ ಹಾಳೆಯಿಂದ
ಗಂಟೆಗೆ ನಲವತ್ತು ಹೆಸರು ಕತ್ತರಿಸಿ ಉಗುಳುತ್ತಿತ್ತು.
ನನ್ನನ್ನು ಕಳಿಸಲಿಲ್ಲ. ಹಾಳೆಯಡಿ ಎದ್ದ ಗುಳ್ಳೆ ಒತ್ತಲು
ಇಟ್ಟುಕೊಂಡರು. ಹಳೆಯ ಎಟಿಎಂ ಕಾರ್ಡಿನಿಂದ ಒತ್ತುತ್ತಿದ್ದೆ,
ಕೈ ಏನನ್ನೂ ನೆನೆಯದಂತೆ ನೋಡಿಕೊಳ್ಳುತ್ತ.

ಮೈಥಾ ಬಂದದ್ದು ಒಂದು ಗುರುವಾರ.
ಕತ್ತಿನಲ್ಲಿ ಕ್ಯಾಮರಾ, ಬೂಟಿನ ತುಂಬ ಧೂಳು.
‘ಆ ಹಳೆ ಬೇಕರಿಯ ಬೋರ್ಡು ಯಾರದು?’
ಬಯ್ಯಲು ಬಂದಳೆಂದುಕೊಂಡೆ.
‘ಆ ಬಾಗು ತಪ್ಪು. ಯಾವ ಶಾಲೆಯಲ್ಲೂ ಹಾಗೆ ಕಲಿಸುವುದಿಲ್ಲ.
ನನಗೆ ಅದೇ ಬೇಕು.’

ವಾದಿ ಕಬೀರಿನ ಆ ಗೋದಾಮಿನಲ್ಲಿ ಮೊದಲು
ನುಗ್ಗಾದ ಕಾರಿನ ಬಾಗಿಲು ಬಡಿದು ನೇರ ಮಾಡುತ್ತಿದ್ದರು.
ಈಗ ಉದ್ದ ಮೇಜು, ಏಸಿ, ಹೆಸರು ಗೊತ್ತಿಲ್ಲದ ಗಿಡಗಳು,
ಐದು ಜನ ಎಳೆಯರು. ಯಾರೂ ಬೆವರುವುದಿಲ್ಲ,
ಆದರೂ ಸಂಜೆಗೆ ಎಲ್ಲರ ಕಣ್ಣೂ ಕೆಂಪು.
ಇದೂ ದುಡಿಮೆಯೇ ಎಂದು ಒಪ್ಪಲು
ನನಗೆ ಹದಿನೈದು ದಿನ ಬೇಕಾಯಿತು.

ನೂನ್ ಬರೆಸಿದರು, ಅರವತ್ತು ಸಲ.
ಅದರಲ್ಲಿ ಒಂದನ್ನು ಆರಿಸಿದರು, ನಲವತ್ತೊಂದನೆಯದು:
ಸೀನು ಬಂದು ಕೈ ಜಾರಿದ್ದು.

ಫಾಂಟ್ ಆಯಿತು. ಒಂದು ಬ್ಯಾಂಕು ಕೊಂಡಿತು,
ಆಮೇಲೆ ಖರ್ಜೂರದ ಕಂಪನಿ.
ನನಗೆ ಒಮ್ಮೆಗೇ ಕೊಟ್ಟ ದುಡ್ಡಿನಲ್ಲಿ
ಮಗಳ ನರ್ಸಿಂಗಿನ ಎರಡು ವರ್ಷದ ಫೀಸು ತೀರಿತು.
ಕಡಿಮೆಯೆನ್ನಲಾರೆ. ಎಷ್ಟಾದರೆ ಸಾಕು
ಎಂಬುದಕ್ಕೆ ನನ್ನ ಬಳಿ ಅಳತೆಗೋಲಿಲ್ಲ.

ಈಗ ಸೀಬಿನ ದಾರಿಯಲ್ಲಿ, ಮನೆಯಷ್ಟು ದೊಡ್ಡ ಹಲಗೆಯಲ್ಲಿ
ರಾತ್ರಿಯಿಡೀ ನನ್ನ ಸೀನು ಬೆಳಗುತ್ತದೆ.
ಸಾಲು ಸಾಲಿಗೂ ಅದೇ ಸೀನು,
ಒಂದೇ ಕಡೆಗೆ ಜಾರಿದ ಚುಕ್ಕೆ.
ಬಸ್ಸಿನ ಕಿಟಕಿಯಿಂದ ಎಣಿಸುತ್ತೇನೆ: ಒಂದು, ಎರಡು, ಏಳು.
ನನ್ನ ಕೈ ಒಂದೇ ತಪ್ಪನ್ನು
ಎರಡು ಸಲ ಮಾಡಿದ್ದು ನೆನಪಿಲ್ಲ.

ಇದನ್ನೇ ಮೈಥಾಗೆ ಹೇಳಿದೆ, ಇಬ್ಬರದೂ ಮುರುಕು ಹಿಂದಿ.
ಬಹಳ ಹೊತ್ತು ಪರದೆ ನೋಡುತ್ತ ಕೂತಳು.
‘ಹಾಗಾದರೆ ಎಷ್ಟು ಚುಕ್ಕೆ ಬೇಕು?’

ಈಗ ಅದೇ ನನ್ನ ಕೆಲಸ. ದಿನಕ್ಕೆ ಇನ್ನೂರು ಚುಕ್ಕೆ,
ಒಂದರಂತೆ ಒಂದಿಲ್ಲ.
ಕಾರ್ಡು ಬದಲಿಸಲು ಹೋಗಿದ್ದೆವು. ಕಿಟಕಿಯಾಚೆಯ ಹುಡುಗ
ಉದ್ಯೋಗದ ಪಟ್ಟಿಯನ್ನು ಮೇಲಿಂದ ಕೆಳಗೆ ಉರುಳಿಸಿದ.
‘ಚುಕ್ಕೆಯಿಡುವವನು’ ಎಂಬುದು ಅದರಲ್ಲಿರಲಿಲ್ಲ.
‘ಸಾಮಾನ್ಯ’ವೇ ಇರಲಿ ಬಿಡಿ ಎಂದೆ.

ಶಫೀಕುಲ್ ಕೆಲವು ಸಂಜೆ ಬರುತ್ತಾನೆ.
ಅವನ ಯಂತ್ರಕ್ಕೂ ಬಟ್ಟೆ ಹೊದಿಸಿದ್ದಾರೆ,
ಅಂಗಡಿ ಹೆಸರುಗಳೆಲ್ಲ ಈಗ ಬೆಳಕಿನ ಪರದೆ.
ಕುಂಚ ಹಿಡಿಯಲು ಕಲಿಸು ಎನ್ನುತ್ತಾನೆ.
ಬಟ್ಟಲು ಬಿಡಿಸು, ಎನ್ನುತ್ತೇನೆ.
ಅವನ ಚುಕ್ಕೆ ಬಟ್ಟಲಿನಾಚೆ ಬೀಳುತ್ತದೆ.
ಬಟ್ಟೆ ಹುಡುಕುತ್ತಾನೆ ಒರೆಸಲು.

ಒರೆಸಬೇಡ ಮಾರಾಯ,
ಯಾರಾದರೂ ಕೊಂಡಾರು.