ಹಾದುಹೋದದ್ದು

ಜುಲೈ ಮೂವತ್ತು. ಶ್ರೀರಾಮಪುರದ ಜೆರಾಕ್ಸ್ ಅಂಗಡಿಯ ಮೇಲೆ
ನನ್ನ ಎಂಟಡಿ ಆಫೀಸು. ಪೋರ್ಟಲ್ಲು ಸುತ್ತುತ್ತಲೇ ಇದೆ.
ಮೆಟ್ಟಿಲ ಮೇಲೆ ಏಳು ಜನ, ಒಂದು ಮಗು,
ಯಾರದೋ ಡಬ್ಬಿಯ ಪುಳಿಯೋಗರೆ ವಾಸನೆ.

ಸಗಾಯಮೇರಿಯ ಸರದಿ.
ಚೀಲದಿಂದ ಒಂದೊಂದೇ ತೆಗೆದಳು: ಫಾರಂ ಹದಿನಾರು,
ಪಿಎಫ್ ಪಾಸ್‌ಬುಕ್ಕಿನ ಪ್ರಿಂಟು, ನಾಲ್ಕು ಮಡಿಕೆಯ ರಾಜೀನಾಮೆ,
ಯಾತಕ್ಕೋ, ಮಗಳ ಮಾರ್ಕ್ಸ್ ಕಾರ್ಡು.

"ಆರು ಲಕ್ಷದ ನಲವತ್ತೊಂದು ಸಾವಿರ ಬಂತು ಅಂತಿದೆ ಮೇಡಂ.
ಎಲ್ಲಿ ಬಂತು? ನಾನಂತೂ ನೋಡಲಿಲ್ಲ."

ಪೀಣ್ಯದ ಖಾತೆಯಿಂದ ಬೊಮ್ಮಸಂದ್ರದ ಖಾತೆಗೆ ಹೋಗಿದೆಯಮ್ಮ,
ಗೊರಗುಂಟೆಪಾಳ್ಯದಲ್ಲೂ ನಿಲ್ಲದೆ, ಸಿಲ್ಕ್ ಬೋರ್ಡಲ್ಲೂ ನಿಲ್ಲದೆ.
ಇದು ವರಮಾನವಲ್ಲ, ವರ್ಗಾವಣೆ.

"ಹಂಗಾದ್ರೆ ಸೊನ್ನೆ ಅಂತ ಬರೀತೀರಾ?"

ಬೆರಳು ಕೀಲಿಯ ಮೇಲೇ ನಿಂತಿತು.
ಹದಿನಾಲ್ಕು ವರ್ಷ ಕರೆಂಟ್ ಮೀಟರಿಗೆ ಸ್ಕ್ರೂ ಕೂರಿಸಿದವಳು,
ಎಡಗಣ್ಣು ಈಗಲೂ ಕಿರಿದು ಮಾಡಿಯೇ ನೋಡುತ್ತಾಳೆ.
ಲಗ್ಗೆರೆ ಮನೆಯ ಲೀಸಿಗೆಂದು ಮೈದುನ
"ಬಿಡಿಸ್ಕೊಂಡ್ಬಿಡಿ ಅತ್ತಿಗೆ" ಅಂದಾಗ
ಮೂರು ತಿಂಗಳು ಅವನೊಡನೆ ಮಾತು ಬಿಟ್ಟವಳು.

ಮನೆ ಬದಲಿಸಿದರೆ ಅಡ್ವಾನ್ಸು ಮೊದಲಿಂದ,
ಕೆಲಸ ಬದಲಿಸಿದರೆ ಗೇಟಿನವನ ಸಲಾಮೂ ಮೊದಲಿಂದ.
ನನಗೆ ತಿಳಿದ ಮಟ್ಟಿಗೆ ಈ ಕಾಯಿದೆಯೊಂದೇ
ಹಳೆಯ ಹದಿನಾಲ್ಕರ ಪಕ್ಕ ಹೊಸ ಎರಡನ್ನು ಕೂರಿಸಿ
ಹದಿನಾರು ಅನ್ನುತ್ತದೆ.
ಅದನ್ನೇ ಹೇಳಿದೆ. ಅರ್ಧ ಕೇಳಿಸಿಕೊಂಡಳು.

"ಗೊತ್ತಾಯ್ತು ಬಿಡಿ. ಮೀಟರಿದ್ದಂಗೆ.
ಬೀದೀದೆಲ್ಲ ಅದರೊಳಗೇ ಹಾದು ಹೋಗುತ್ತೆ,
ಅದಕ್ಕಂತ ಒಂದು ಬಲ್ಬೂ ಉರಿಯಲ್ಲ."

ಸಂಬಳ ತುಂಬಿದೆ. ಉಳಿತಾಯದ ಬಡ್ಡಿ, ಎಂಟುನೂರ ಹನ್ನೆರಡು.
ತೆರಿಗೆಯ ಕಾಲಮ್ಮಿನಲ್ಲಿ ಆ ಆರು ಲಕ್ಷಕ್ಕೆ ಏನೂ ಬರೆಯಲಿಲ್ಲ,
ಸೊನ್ನೆ ಕೂಡ.
ಓಟಿಪಿಯನ್ನು ಅವಳು ಜಪಮಣಿ ಎಣಿಸಿದ ಹಾಗೆ ಓದಿದಳು.

ಐನೂರು ಕೊಟ್ಟು, ರಸೀತಿ ಮಡಿಚಿ, ಇಳಿದಳು.
ತಿರುವಿನಲ್ಲಿ ಸದ್ದು ನಿಂತಿತು. ಬಗ್ಗಿ ನೋಡಿದೆ.
ಹನ್ನೊಂದು ವರ್ಷ ಹತ್ತಿಳಿದರೂ ನಾನು ಕಾಣದ ಬೋರ್ಡು,
ಆರು ಮೀಟರು, ಜೇಡರ ಬಲೆ.
ಸೆರಗಿನಿಂದ ಮೂರನೆಯದರ ಗಾಜು ಒರೆಸಿ, ಕಣ್ಣು ಕಿರಿದು ಮಾಡಿ,
"ಇದು ನಮ್ಮದು" ಅಂದಳು, ಯಾರಿಗೂ ಅಲ್ಲ.

ಒಳಗೆ ಯಾರದೋ ಕುರ್ಚಿ ಎಳೆದ ಸದ್ದು:
"ಮೇಡಂ, ನಂದು ಬರೀ ಆಧಾರ್ ಲಿಂಕು, ಎರಡೇ ನಿಮಿಷ."