ಕೆಳಗಿನ ನಾಲ್ಕು ಬೆರಳು

ಮೊದಲು ಒಂದು ಹಸಿರು ಗೆರೆ ಬಂತು.
ಮುಚ್ಚಳವನ್ನು ಅರ್ಧ ಎತ್ತಿದರೆ ಇಲ್ಲ,
ಇನ್ನೊಂದು ಕೂದಲೆಳೆ ಹಿಂದಕ್ಕೆ ಬಾಗಿಸಿದರೆ ಉಂಟು.
ಆ ಕೂದಲೆಳೆ ಕಾಯುತ್ತಾ ಎರಡು ತಿಂಗಳು ದುಡಿದೆ,
ಕೂಸು ಮಲಗಿದ ಮನೆಯಲ್ಲಿ ಓಡಾಡಿದ ಹಾಗೆ.
ಆಮೇಲೊಂದು ಬುಧವಾರ, ಚಹಾ ಆರುವಷ್ಟರಲ್ಲಿ,
ಪರದೆಯ ಬುಡದಿಂದ ನಾಲ್ಕು ಬೆರಳು
ಕಪ್ಪಾಗಿ ಕೂತುಬಿಟ್ಟಿತು.

ಬೇರೆಯವರಿಗಾದರೆ ನಾಲ್ಕು ಬೆರಳೇನು ಮಹಾ.
ನನ್ನ ರೊಟ್ಟಿ ಬೇಯುವುದೇ ಅಲ್ಲಿ.
ತುರ್ಕಿ ಧಾರಾವಾಹಿಗಳಿಗೆ
ಜಾರ್ಜಿಯನ್ನಿನಲ್ಲಿ ಅಡಿಬರಹ ಬರೆಯುವವಳು ನಾನು:
ಎರಡೇ ಸಾಲು, ಸಾಲಿಗೆ ಮೂವತ್ತೆಂಟು ಅಕ್ಷರ,
ಯಾರ ಎದೆ ಒಡೆದರೂ ಅಷ್ಟರೊಳಗೇ ಒಡೆಯಬೇಕು.
ಈಗ ಇಸ್ತಾಂಬುಲಿನ ಆ ಸಿರಿವಂತರ ಮನೆಯಲ್ಲಿ
ಮುಖಗಳಿವೆ, ಕಣ್ಣೀರಿದೆ, ಧಡಾರನೆ ಮುಚ್ಚಿದ ಬಾಗಿಲಿದೆ;
ಅವರ ಬಾಯಿಗೆ ನಾನಿಟ್ಟ ಮಾತು ಮಾತ್ರ
ಬಾವಿಗೆ ಬಿದ್ದ ಚಮಚ,
ಬಿದ್ದ ಸದ್ದೂ ಇಲ್ಲ.

ಎಲಿಯಾವಾ ಸಂತೆಯಲ್ಲಿ ಗೊಚಾ ಅದನ್ನು
ಕಲ್ಲಂಗಡಿ ಕೊಳ್ಳುವವನಂತೆ ಬೆನ್ನಿಗೆ ತಟ್ಟಿ ಕಿವಿಗೊಟ್ಟ.
“ತಂತಿಯಾದರೆ ಅರವತ್ತು ಲಾರಿ.
ಪರದೆಯೇ ಹೋಗಿದ್ದರೆ ಇನ್ನೂರೆಂಬತ್ತು.
ಯಾವುದೆಂದು ಬಿಚ್ಚದೆ ಹೇಳಲಾರೆ.
ಬಿಚ್ಚಿದರೆ ಮೂವತ್ತು.”
ಅವನ ಹಿಂದೆ, ತಗಡಿನ ಸೂರಿನ ಕೆಳಗೆ,
ಬೆಲೆ ಕೇಳಿ ಬಿಟ್ಟುಹೋದವರ ಲ್ಯಾಪ್‌ಟಾಪುಗಳು
ಪುಸ್ತಕಗಳಂತೆ ಬೆನ್ನು ತೋರಿಸಿ ನಿಂತಿದ್ದವು,
ಒಂದೊಂದಕ್ಕೂ ಟೇಪು, ಟೇಪಿನ ಮೇಲೆ ಹೆಸರು:
ನೋದಾರ್. ಭೂಗೋಳದ ಮೇಷ್ಟ್ರು. ಕೆಂಪು ಕಾರಿನವಳು.
“ನಾನಾಗಿದ್ದರೆ ಬೇರೆಯದೇ ಕೊಳ್ಳುತ್ತಿದ್ದೆ,” ಅಂದ,
“ನಾನ್ನೂರೈವತ್ತಕ್ಕೆ ನನ್ನಲ್ಲೇ ಒಂದಿದೆ.”
ಔಷಧಿ ಮಾರುವವನೇ ನಾಡಿ ಹಿಡಿದರೆ
ಏನಂತ ನಂಬುವುದು?

ಲಿಫ್ಟಿಗೆ ಹಾಕಲು ಹತ್ತು ತೆತ್ರಿಯ ನಾಣ್ಯ ತಡಕುತ್ತಾ
ಒಂಬತ್ತನೆಯ ಮಹಡಿಯವರೆಗೂ ಲೆಕ್ಕ ಹಾಕಿದೆ.
ಕಂತಿಗೆ ನಲವತ್ತು. ಪರದೆಯೊಂದಕ್ಕೆ ಏಳು ಕಂತು:
ಒಂದು ಅಪಹರಣ, ಎರಡು ನಿಶ್ಚಿತಾರ್ಥ,
ನೆನಪು ಕಳೆದುಕೊಂಡು ಮರಳಿದ ಒಬ್ಬ ತಮ್ಮ.
ಮೂಗಿಗಿಂತ ಮೂಗುತಿ ಭಾರ, ನಿಜ.
ಆದರೆ ಆರು ವರ್ಷ ಉಸಿರಾಡಿದ ಮೂಗು;
ಅಕಾರದ ಕೀಲಿ ಸವೆದು ಬೋಳಾಗಿದೆ,
ವಿಚ್ಛೇದನದ ಅರ್ಜಿಯನ್ನೂ ಇದರಲ್ಲೇ ಬರೆದದ್ದು.

ಮಗ ಪೋಲೆಂಡಿನಲ್ಲಿ ಲಾರಿ ಓಡಿಸಲು ಹೋದವ
ಅಲ್ಲೇ ಬೇರೆ ಮನೆ ಕಟ್ಟಿದ. ಅತ್ತೆ ನನ್ನಲ್ಲೇ ಉಳಿದರು.
ಯಾಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಬಾಬುತ್ಸಾ, ಎಂಬತ್ತೊಂದು, ಕಸದ ಬುಟ್ಟಿಗೆ
ಬಟನ್ನನ್ನೂ ಬೀಳಗೊಡದವರು.
“ಟೀವಿಗೆ ಚುಚ್ಚುವುದಕ್ಕೆ ಒಂದು ತಂತಿ ಬರುತ್ತದಂತಲ್ಲ,” ಅಂದರು,
ಬೀನ್ಸ್ ಆರಿಸುತ್ತಾ, ತಲೆಯೆತ್ತದೆ.
ಕೆಳಗಿನ ಅಂಗಡಿಯಲ್ಲಿ ಹನ್ನೆರಡು ಲಾರಿ.

ಆ ರಾತ್ರಿ ನನ್ನ ಸಾಲುಗಳು
ಗೋಡೆಯಗಲ ಎದ್ದು ನಿಂತವು.
ಹನ್ನೊಂದು ವರ್ಷ ಅಡುಗೆಮನೆಯಲ್ಲಿ ಕೂತು
ನಾನು ಏನು ಕುಟ್ಟುತ್ತೇನೆಂದು ತಿಳಿಯದಿದ್ದವರು
ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:
“ನೀನಿಲ್ಲದೆ ನಾನು ಬದುಕಲಾರೆ.”
ಸ್ವಲ್ಪ ಸುಮ್ಮನಿದ್ದು,
“ಸುಳ್ಳು. ಯಾವ ಹೆಂಗಸು ಹಾಗನ್ನುತ್ತಾಳೆ?
‘ನಿನ್ನ ಊಟ ಆರಿಹೋಯಿತು’ ಅಂತ ಹಾಕು.”
ತುರ್ಕಿಯಲ್ಲಿ ಅವಳು ಹಾಗೇ ಅಂದಿದ್ದಾಳೆ, ಅಂದೆ.
“ಅವಳಿಗೇನು ಗೊತ್ತು.”

ಹಾಕಿದೆ.
ಹಾಕಿ, ಅಳಿಸಿ, ಮತ್ತೆ ಹಾಕಿ,
ಬೆಳಗ್ಗೆ ಕಚೇರಿಗೆ ಹಾಗೆಯೇ ಕಳಿಸಿದೆ.
ಯಾರೂ ತಿದ್ದಲಿಲ್ಲ.

ಶುಕ್ರವಾರ ಗೊಚಾನ ಫೋನು.
ಕೆಂಪು ಕಾರಿನವಳು ಇನ್ನು ಬರುವುದಿಲ್ಲವಂತೆ,
ಅವಳದರ ಪರದೆ ನನ್ನದಕ್ಕೆ ಸರಿಹೊಂದುತ್ತದಂತೆ,
ಇನ್ನೂರಕ್ಕೆ ಕೂರಿಸಿಕೊಡುತ್ತಾನಂತೆ, ಆದರೆ ಇವತ್ತೇ.
ಟೀವಿಯಲ್ಲಿ ತಮ್ಮನಿಗೆ ನೆನಪು ಮರಳುವ ಹೊತ್ತು.
ಮೇಜಿನ ಮೇಲೆ ಲ್ಯಾಪ್‌ಟಾಪು, ಬುಡ ಕಪ್ಪು,
ತಂತಿಯ ತುದಿಯಲ್ಲಿ ಬೆಚ್ಚಗೆ.
“ಯಾರದು?” ಅಂದರು ಬಾಬುತ್ಸಾ.
ಪರದೆಯವನು. ಇನ್ನೂರು ಹೇಳುತ್ತಿದ್ದಾನೆ.
“ನೂರಕ್ಕೆ ಕೇಳು,” ಅಂದರು,
ಮುಂದಿನ ಸಾಲಿಗೆ ಕಾಯುತ್ತಾ,
ಕಣ್ಣು ಇತ್ತ ಹೊರಳಿಸದೆ.